ಗಾಳಿಯಂತ್ರದ ಜೊತೆ ಪುಕ್ಕಟೆ ಬಂದ ಬಂದೂಕು: ಹಳೇ ಏರ್‌ಗನ್ನಿಗೆ ಬೆಲೆ ಬಂದಿದ್ದು ಹೇಗೆ

ಮಳೆ ಹಿಡಿದು ಕೂತಿದೆ, ಹೊಲಕ್ಕೆ ಇಳಿಯೋ ಹಾಗಿಲ್ಲ. ಅದಕ್ಕೇ ಈ ಸಲ ಗೊಬ್ಬರ, ಔಷಧಿ, ಮಂಡಿ ರೇಟು ಎಲ್ಲ ಬಿಟ್ಟು ಒಂದು ಹಳೇ ಕಥೆ ಬರೀತಿದೀನಿ. ಉದ್ದ ಇದೆ, ಪುರುಸೊತ್ತಾದಾಗ ಓದಿ.

ಒಂದೆರಡು ವರ್ಷದಿಂದ ನಮ್ಮ ಕಡೆ ಹಳ್ಳಿಗಳಲ್ಲಿ ಹಳೇ ಸಾಮಾನು ಕೊಳ್ಳೋರ ಓಡಾಟ ಜಾಸ್ತಿ ಆಗಿದೆ. ಹಿತ್ತಾಳೆ ಹಂಡೆ, ಗೋಡೆ ಗಡಿಯಾರ, ವಾಲ್ವ್ ರೇಡಿಯೋ ಕೇಳ್ತಾ ಕೇಳ್ತಾ "ಅಟ್ಟದ ಮೇಲೆ ಹಳೇ ಏರ್‌ಗನ್ ಏನಾದ್ರೂ ಇದ್ಯಾ ಯಜಮಾನ್ರೇ?" ಅಂತಲೂ ಕೇಳ್ತಾರೆ. ಇದ್ದರೆ ಕೈಗೆ ಒಂದಿಷ್ಟು ದುಡ್ಡು ಇಟ್ಟು ಚೀಲಕ್ಕೆ ಹಾಕ್ಕೊಂಡು ಹೋಗ್ತಾರೆ. ಅದಕ್ಕೆ ನಿಜವಾಗ್ಲೂ ಬೆಲೆ ಇದ್ಯಾ, ಇದ್ದರೆ ಯಾಕಿದೆ, ಹಾಗೆ ಮಾರೋದು ಸರಿನಾ ಅನ್ನೋದು ಹಲವರ ಪ್ರಶ್ನೆ. ಉತ್ತರ ಹೇಳಬೇಕಂದ್ರೆ ನೂರೈವತ್ತು ವರ್ಷ ಹಿಂದಕ್ಕೆ ಹೋಗಬೇಕು. ಹೋಗೋ ಜಾಗವೂ ನಮ್ಮಂಥ ಬೇಸಾಯಗಾರರದೇ.

ನೀರೆತ್ತೋ ಕಂಪನಿ

ಅಮೆರಿಕದ ಮಿಶಿಗನ್ ರಾಜ್ಯದಲ್ಲಿ, ಡೆಟ್ರಾಯಿಟ್ ನಗರದಿಂದ ಪಶ್ಚಿಮಕ್ಕೆ, ಪ್ಲಿಮತ್ ಅಂತ ಒಂದು ಊರು. ಆಗ ಸುತ್ತಮುತ್ತ ಎಲ್ಲ ಹೊಲ, ದನ. ಕರೆಂಟು ಇಲ್ಲ, ಮೋಟಾರು ಇಲ್ಲ. ಬಾವಿಯಿಂದ ನೀರೆತ್ತಬೇಕಂದ್ರೆ ಕೈಪಂಪು, ಇಲ್ಲಾಂದ್ರೆ ಗಾಳಿಯಂತ್ರ. ಎತ್ತರದ ಕಂಬದ ಮೇಲೆ ಫ್ಯಾನಿನ ಥರ ರೆಕ್ಕೆ ತಿರುಗುತ್ತಲ್ಲ, ಅದು. ಗಾಳಿ ಬೀಸಿದಾಗ ರೆಕ್ಕೆ ತಿರುಗಿ, ಕೆಳಗಿರೋ ಪಂಪಿನ ಸರಳು ಮೇಲೆ ಕೆಳಗೆ ಆಡಿ, ದನಗಳ ತೊಟ್ಟಿಗೆ ನೀರು ಬೀಳ್ತಿತ್ತು. ನಮ್ಮಲ್ಲಿ ಎತ್ತು ಕಟ್ಟಿ ಕಪಿಲೆ ಹೊಡೀತಿದ್ದ ಕಾಲದಲ್ಲಿ ಅವರಿಗೆ ಗಾಳಿಯೇ ಎತ್ತು.

1882ರಲ್ಲಿ ಆ ಊರಲ್ಲಿ ಪ್ಲಿಮತ್ ಐರನ್ ವಿಂಡ್‌ಮಿಲ್ ಕಂಪನಿ ಅಂತ ಒಂದು ಶುರುವಾಯ್ತು. ಹಿಂದೆ ಇದ್ದ ತಲೆ ಕ್ಲಾರೆನ್ಸ್ ಹ್ಯಾಮಿಲ್ಟನ್ ಅನ್ನೋನದು. ಗಡಿಯಾರ ರಿಪೇರಿ ಮಾಡ್ತಿದ್ದ ಮನುಷ್ಯ, ಸದಾ ಏನಾದ್ರೂ ಹೊಸದು ಕಂಡುಹಿಡಿಯೋ ಹುಚ್ಚು. ಆವರೆಗೆ ಹೆಚ್ಚಿನ ಗಾಳಿಯಂತ್ರಗಳು ಮರದವು, ಇವನದು ಪೂರ್ತಿ ಕಬ್ಬಿಣದ್ದು. ಐಡಿಯಾ ಒಳ್ಳೇದೇ, ಆದ್ರೆ ವ್ಯಾಪಾರ ಕೈ ಹಿಡೀಲಿಲ್ಲ. ಊರಿಗೊಂದು ಗಾಳಿಯಂತ್ರದ ಕಂಪನಿ ಹುಟ್ಟಿಕೊಂಡಿದ್ದ ಕಾಲ ಅದು. 1888ರಲ್ಲಿ ಷಿಕಾಗೋದಲ್ಲಿ ಏರ್‌ಮೋಟರ್ ಅನ್ನೋ ಕಂಪನಿ ಉಕ್ಕಿನ ಯಂತ್ರ ತಂದು ಮಾರುಕಟ್ಟೆಯನ್ನೇ ಬಾಚಿಕೊಂಡಿತು. ಅದೇ 1888ರ ಜನವರಿಯಲ್ಲಿ ಪ್ಲಿಮತ್ ಕಂಪನಿಯ ಪಾಲುದಾರರು ಬಾಗಿಲು ಹಾಕೋಣ್ವಾ ಅಂತ ಕೂತು ಮತ ಹಾಕಿದ್ರಂತೆ. ಒಂದೇ ಒಂದು ಮತದಲ್ಲಿ ಕಂಪನಿ ಉಳೀತು, ಆ ಮತ ಮ್ಯಾನೇಜರ್ ಲೂಯಿಸ್ ಕ್ಯಾಸ್ ಹಫ್ ಅನ್ನೋನದು ಅಂತ ಕಂಪನಿಯವರು ಹೇಳಿಕೊಂಡು ಬಂದಿದಾರೆ.

ಆ ಹೊತ್ತಲ್ಲೇ ಹ್ಯಾಮಿಲ್ಟನ್ ಹಫ್‌ನ ಮೇಜಿನ ಮುಂದೆ ಒಂದು ಆಟದ ಬಂದೂಕು ತಂದಿಟ್ಟ. ಮದ್ದು ಬೇಡ, ಬೆಂಕಿ ಬೇಡ. ಸ್ಪ್ರಿಂಗ್ ಎಳೆದು ಬಿಟ್ಟರೆ ಗಾಳಿ ಒತ್ತಿ ಸಣ್ಣ ಗುಂಡು ಹಾರುತ್ತೆ. ಹಫ್ ಹೊಡೆದು ನೋಡಿ "ಇದಪ್ಪಾ ಡೈಸಿ ಅಂದ್ರೆ!" ಅಂದನಂತೆ. ಡೈಸಿ ಅಂದ್ರೆ ಒಂದು ಹೂವು, ಆದ್ರೆ ಆಗಿನ ಆಡುಮಾತಲ್ಲಿ ಚೆನ್ನಾಗಿರೋದಕ್ಕೆಲ್ಲ ಡೈಸಿ ಅಂತಿದ್ರು. ನಾವು "ಬೊಂಬಾಟ್" ಅಂತೀವಲ್ಲ, ಹಾಗೆ. ಅದೇ ಹೆಸರು ನಿಂತಿತು.

ಬಂದೂಕನ್ನ ಮೊದಲು ಮಾರೋಕೆ ಅಂತ ಮಾಡಲಿಲ್ಲ ಅನ್ನೋದು ಇಲ್ಲಿ ಮುಖ್ಯ. ಗಾಳಿಯಂತ್ರ ಕೊಂಡ ರೈತನಿಗೆ ಒಂದು ಏರ್‌ಗನ್ ಪುಕ್ಕಟೆ. ಈಗ ಬಿತ್ತನೆ ಬೀಜದ ಚೀಲದ ಜೊತೆ ಟೋಪಿ, ಟೀ ಶರ್ಟು ಕೊಡ್ತಾರಲ್ಲ, ಅದೇ ಲೆಕ್ಕ. ಅಪ್ಪನಿಗೆ ಗಾಳಿಯಂತ್ರ, ಮಗನಿಗೆ ಬಂದೂಕು. ಸ್ವಲ್ಪ ದಿನಕ್ಕೆ ಜನ ಗಾಳಿಯಂತ್ರ ಬೇಡ, ಬಂದೂಕು ಒಂದೇ ಕೊಡಿ ಅನ್ನೋಕೆ ಶುರು ಮಾಡಿದ್ರು. ಕಂಪನಿ ಗಾಳಿಯಂತ್ರ ಮಾಡೋದನ್ನೇ ಬಿಡ್ತು. 1895ರಲ್ಲಿ ಹೆಸರನ್ನೂ ಡೈಸಿ ಮ್ಯಾನುಫ್ಯಾಕ್ಚರಿಂಗ್ ಕಂಪನಿ ಅಂತ ಬದಲಾಯಿಸ್ತು.

ಅದೇ ಊರಲ್ಲಿ ಇನ್ನೊಬ್ಬ ಇದ್ದ, ವಿಲಿಯಂ ಮಾರ್ಕಮ್. ಅವನ ಕಸುಬು ಮರದ ನೀರಿನ ತೊಟ್ಟಿ ಮಾಡೋದು. ಅವನೂ ಹೆಚ್ಚುಕಮ್ಮಿ ಅದೇ ಸಮಯಕ್ಕೆ ಮರದ ಏರ್‌ಗನ್ ಮಾಡಿ ಮಾರ್ತಿದ್ದ. ಒಬ್ಬ ನೀರೆತ್ತೋ ಯಂತ್ರದವನು, ಇನ್ನೊಬ್ಬ ನೀರು ತುಂಬೋ ತೊಟ್ಟಿಯವನು, ಇಬ್ಬರೂ ಬಂದೂಕಿಗೆ ಇಳಿದ್ರು. ಕೊನೆಗೆ 1916ರಲ್ಲಿ ಮಾರ್ಕಮ್ ಕಂಪನಿ ಡೈಸಿಯ ಕೈಗೆ ಬಂತು. ಡೈಸಿಯ ಮೊದಲ ಸೇಲ್ಸ್‌ಮನ್ ಚಾರ್ಲ್ಸ್ ಬೆನೆಟ್ ಅನ್ನೋನು 1903ರಲ್ಲಿ ಹೆನ್ರಿ ಫೋರ್ಡ್ ಕಾರು ಕಂಪನಿ ಕಟ್ಟಿದಾಗ ಅದರ ಮೊದಲ ಪಾಲುದಾರರಲ್ಲಿ ಒಬ್ಬ. ರೈತರ ಮನೆ ಹುಡುಗರ ಆಟಿಕೆಯಲ್ಲಿ ದುಡಿದ ದುಡ್ಡು ಎಲ್ಲೆಲ್ಲಿಗೆ ಹೋಯ್ತು ನೋಡಿ.

ಪುಕ್ಕಟೆದಕ್ಕೆ ಬೆಲೆ ಹೇಗೆ ಬಂತು

ಈಗ ಲೆಕ್ಕ ಹಾಕಿ. ಆ ಮೊದಲ ಡೈಸಿಗಳು ತೆಳು ಲೋಹದವು, ಹೆಗಲಿಗೆ ಆನಿಸೋ ಕಡೆ ಮರವೂ ಇಲ್ಲ, ಬರೀ ದಪ್ಪ ತಂತಿ ಬಗ್ಗಿಸಿ ಮಾಡಿದ್ದು. ಪುಕ್ಕಟೆ ಬಂದ ಸಾಮಾನನ್ನ ಯಾರೂ ಬೀರುವಲ್ಲಿ ಇಡೋಲ್ಲ. ಹುಡುಗರು ಮಳೆಯಲ್ಲಿ ನೆನೆಸಿದ್ರು, ಮರಕ್ಕೆ ಬಡಿದ್ರು, ಸ್ಪ್ರಿಂಗ್ ಮುರಿದ ದಿನ ಕೊಟ್ಟಿಗೆ ಹಿಂದೆ ಬಿಸಾಕಿದ್ರು. ಉಳಿದಿದ್ದರಲ್ಲಿ ಎಷ್ಟೋ ಎರಡನೇ ಮಹಾಯುದ್ಧದ ಗುಜರಿಗೆ ಹೋಯ್ತು. 1942ರಲ್ಲಿ ಅಮೆರಿಕ ಸರ್ಕಾರ ಊರೂರಲ್ಲಿ ಹಳೇ ಕಬ್ಬಿಣ ಕೇಳಿತು. ಜನ ನೇಗಿಲು, ಬೇಲಿ, ಪಾತ್ರೆ, ಮಕ್ಕಳ ಆಟಿಕೆ ಎಲ್ಲ ತಂದು ಸುರಿದ್ರು.

ಹೀಗೆ ಸಾವಿರಗಟ್ಟಲೆ ಮಾಡಿದ್ದು ಕೈಬೆರಳಲ್ಲಿ ಎಣಿಸೋ ಹಾಗೆ ಉಳೀತು. ಅಷ್ಟರಲ್ಲಿ ಅದರಲ್ಲಿ ಆಡಿದ್ದ ಹುಡುಗರು ದೊಡ್ಡವರಾಗಿ, ನೌಕರಿ ವ್ಯಾಪಾರ ಅಂತ ಕೈಯಲ್ಲಿ ನಾಲ್ಕು ಕಾಸು ಮಾಡ್ಕೊಂಡು, ತಮ್ಮ ಬಾಲ್ಯದ ಸಾಮಾನು ಹುಡುಕೋಕೆ ಶುರು ಮಾಡಿದ್ರು. ಮಾಲು ಕಮ್ಮಿ, ಕೇಳೋರು ಜಾಸ್ತಿ. ಟೊಮೇಟೊ ರೇಟು ಏರೋದಕ್ಕೂ ಇದಕ್ಕೂ ಲೆಕ್ಕದಲ್ಲಿ ವ್ಯತ್ಯಾಸ ಇಲ್ಲ. ಒಂದೇ ವ್ಯತ್ಯಾಸ ಅಂದ್ರೆ, ಟೊಮೇಟೊ ರೇಟು ಏರಿದ್ರೆ ಮುಂದಿನ ಬೆಳೆಗೆ ಎಲ್ಲರೂ ಅದನ್ನೇ ಹಾಕ್ತೀವಿ, ರೇಟು ಬಿದ್ದುಹೋಗುತ್ತೆ. 1890ರ ಬಂದೂಕನ್ನ ಈಗ ಬೆಳೆಯೋಕೆ ಆಗಲ್ಲ.

ಹಾಗಂತ ಹಳೇದೆಲ್ಲ ಚಿನ್ನ ಅಂದ್ಕೋಬೇಡಿ. ಡೈಸಿಯದೇ ರೆಡ್ ರೈಡರ್ ಅನ್ನೋ ಮಾದರಿ ತಗೊಳ್ಳಿ. ರೆಡ್ ರೈಡರ್ ಅನ್ನೋದು ಪತ್ರಿಕೆಗಳಲ್ಲಿ ಬರ್ತಿದ್ದ ಕುದುರೆ ಸವಾರನ ಚಿತ್ರಕಥೆ. ಆ ಹೆಸರಲ್ಲಿ 1940ರಲ್ಲಿ ಬಂದ ಬಂದೂಕು ಇವತ್ತಿಗೂ ಹೊಸದಾಗಿ ಸಿಗುತ್ತೆ, ಬೆಲೆಯೂ ಕಮ್ಮಿ. ಹಂಗಾದ್ರೆ ಹಳೇದನ್ನ ಯಾರು ಕೊಳ್ತಾರೆ? ಎಲ್ಲ ಹಳೇದನ್ನಲ್ಲ. ಯುದ್ಧಕ್ಕೆ ಮುಂಚಿನ ಮೊದಲ ಬಂದೂಕುಗಳಲ್ಲಿ ನಳಿಗೆ ಸುತ್ತಿನ ಪಟ್ಟಿಗಳಿಗೆ ತಾಮ್ರದ ಲೇಪ ಇತ್ತು, ಎಳೆಯೋ ಲಿವರ್ ಎರಕದ ಕಬ್ಬಿಣದ್ದು. 1942ರಲ್ಲಿ ಉಕ್ಕೆಲ್ಲ ಯುದ್ಧಕ್ಕೆ ಹೋಗಿ ಇದನ್ನ ಮಾಡೋದೇ ನಿಂತಿತು. ಯುದ್ಧ ಮುಗಿದ ಮೇಲೆ ಬಂದಿದ್ದರಲ್ಲಿ ಪಟ್ಟಿಗೆ ಬರೀ ಬಣ್ಣ, ಲಿವರು ಅಲ್ಯೂಮಿನಿಯಂದು, ಆಮೇಲೆ ಕೆಲವಕ್ಕೆ ಹಿಡಿಯೂ ಪ್ಲಾಸ್ಟಿಕ್ಕು. ದೂರದಿಂದ ನೋಡಿದ್ರೆ ಎಲ್ಲ ಒಂದೇ. ಕೊಳ್ಳೋನು ಹತ್ತಿರ ಬಂದು ಪಟ್ಟಿ ಮುಟ್ಟಿ, ಲಿವರಿಗೆ ಅಯಸ್ಕಾಂತ ಹಿಡೀತಾನೆ. ಎರಕದ ಕಬ್ಬಿಣ ಆದ್ರೆ ಕಚ್ಚಿಕೊಳ್ಳುತ್ತೆ, ಅಲ್ಯೂಮಿನಿಯಂ ಆದ್ರೆ ಇಲ್ಲ. ಬೆಲೆ ಎಷ್ಟೋ ಪಾಲು ಅಲ್ಲೇ ತೀರ್ಮಾನ ಆಗಿಬಿಡುತ್ತೆ.

ಕಥೆಯೂ ಬೆಲೆ ಹುಟ್ಟಿಸುತ್ತೆ. 1983ರಲ್ಲಿ ಎ ಕ್ರಿಸ್ಮಸ್ ಸ್ಟೋರಿ ಅಂತ ಒಂದು ಸಿನಿಮಾ ಬಂತು. ಅದರಲ್ಲಿ ಒಬ್ಬ ಹುಡುಗ, ಹಿಡಿಯಲ್ಲಿ ದಿಕ್ಸೂಚಿ ಮತ್ತು ನೆರಳು ಗಡಿಯಾರ ಕೂರಿಸಿರೋ ರೆಡ್ ರೈಡರ್ ಬೇಕು ಅಂತ ಪಟ್ಟು ಹಿಡೀತಾನೆ. ನಿಜವಾಗಿ ಅವೆರಡೂ ಇದ್ದಿದ್ದು ಬಕ್ ಜೋನ್ಸ್ ಅನ್ನೋ ಡೈಸಿಯ ಬೇರೆ ಮಾದರಿಯಲ್ಲಿ. ಸಿನಿಮಾಕ್ಕೋಸ್ಕರ ಕಂಪನಿ ಬೇರೆಯಾಗಿ ಮಾಡಿಕೊಟ್ಟಿತು. ಇಲ್ಲದೇ ಇದ್ದ ಬಂದೂಕು ಕಥೆಯಿಂದ ಹುಟ್ಟಿ, ಜನ ಹುಡುಕಿ ಕೊಳ್ಳೋ ಹಾಗಾಯ್ತು.

ನಮ್ಮ ಸೈಕಲ್ಲಿನ ಹೆಸರು

ಇನ್ನು ಇಂಗ್ಲೆಂಡಿನ ಕಡೆ ಬರೋಣ, ಯಾಕಂದ್ರೆ ಅಲ್ಲಿನ ಒಂದು ಹೆಸರು ನಮಗೆಲ್ಲ ಗೊತ್ತು: ಬಿಎಸ್‌ಎ. ಸೈಕಲ್ ಮೇಲೆ ನೋಡಿರ್ತೀರಿ. ಬಿಎಸ್‌ಎ ಅಂದ್ರೆ ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್, ಅಂದ್ರೆ ಬರ್ಮಿಂಗ್‌ಹ್ಯಾಮ್ ಊರಿನ ಬಂದೂಕು ಕಂಪನಿ. 1861ರಲ್ಲಿ ಆ ಊರಿನ 14 ಜನ ಬಂದೂಕು ಕಸುಬಿನವರು ಸೇರಿ ಕಟ್ಟಿದ್ದು. ಅವರ ಮುದ್ರೆಯಲ್ಲಿ ಮೂರು ಬಂದೂಕು ಒಂದಕ್ಕೊಂದು ಆನಿಸಿ ನಿಲ್ಲಿಸಿರೋ ಚಿತ್ರ. ಸರ್ಕಾರದಿಂದ ರೈಫಲ್ ಆರ್ಡರ್ ಬಂದಾಗ ಕೈತುಂಬ ಕೆಲಸ, ಇಲ್ಲದಾಗ ಯಂತ್ರ ಖಾಲಿ. ಖಾಲಿ ಕೂರಬಾರದು ಅಂತಲೇ ಸೈಕಲ್, ಆಮೇಲೆ ಮೋಟಾರ್ ಸೈಕಲ್ ಮಾಡಿದ್ರು. ಮುಂದೆ ಆ ಸೈಕಲ್ ಹೆಸರು ಮದ್ರಾಸಿನ ಟಿಐ ಕಂಪನಿ ಮೂಲಕ ನಮ್ಮ ಊರುಗಳಿಗೂ ಬಂತು.

ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧ 1902ರಲ್ಲಿ ಮುಗಿದಾಗ ಮತ್ತೆ ಆರ್ಡರ್ ಬತ್ತಿತು. ಆಗ ಅದೇ ಊರಿನ ಜಾರ್ಜ್ ಲಿಂಕನ್ ಜೆಫ್ರೀಸ್ ಅನ್ನೋ ಬಂದೂಕುಗಾರ 1904ರಲ್ಲಿ ಒಂದು ಏರ್ ರೈಫಲ್ಲಿಗೆ ಪೇಟೆಂಟ್ ಪಡೆದ. 1905ರಿಂದ ಬಿಎಸ್‌ಎ ಅದನ್ನ ಮಾಡೋಕೆ ಶುರು ಮಾಡ್ತು. ಆಗಿನ ಸಾಧಾರಣ ಏರ್‌ಗನ್ನುಗಳಲ್ಲಿ ನಳಿಗೆಯನ್ನೇ ಮಧ್ಯಕ್ಕೆ ಮಡಚಿ ಸ್ಪ್ರಿಂಗ್ ಎಳೀಬೇಕಿತ್ತು. ನಮ್ಮ ಜಾತ್ರೆಗಳಲ್ಲಿ ಬಲೂನ್ ಹೊಡೆಯೋಕೆ ಕೊಡೋ ಬಂದೂಕು ನೋಡಿದ್ದೀರಲ್ಲ, ಹಾಗೆ. ಸಾವಿರಾರು ಸಲ ಮಡಚಿದ ಮೇಲೆ ಕೀಲು ಸಡಿಲ ಆಗಿ ಗುರಿ ತಪ್ಪುತ್ತೆ. ಜೆಫ್ರೀಸ್‌ನ ರೈಫಲ್ಲಿನಲ್ಲಿ ನಳಿಗೆ ಅಲುಗಾಡೋ ಹಾಗೇ ಇಲ್ಲ. ಕೆಳಗಿನ ಲಿವರ್ ಎಳೆದು, ನಲ್ಲಿಯ ಕೀಲಿಯ ಥರ ಒಂದು ತಿರುಗಣೆ ತಿರುಗಿಸಿ ಅದರ ತೂತಿಗೆ ಗುಂಡು ಹಾಕಬೇಕು. ಕೆಲಸ ಅಷ್ಟು ಚೊಕ್ಕ ಇದ್ದಿದ್ದರಿಂದ ಆ ಕಾಲದ ರೈಫಲ್ಲುಗಳಲ್ಲಿ ಎಷ್ಟೋ ಇವತ್ತೂ ಗುರಿ ತಪ್ಪಲ್ಲ.

ಅದು ಮಕ್ಕಳ ಆಟಿಕೆ ಆಗಿ ಉಳೀಲಿಲ್ಲ. ಇಂಗ್ಲೆಂಡಿನ ಆ ಭಾಗದ ಹೆಂಡದಂಗಡಿಗಳಲ್ಲಿ ಸಂಜೆ ಹೊತ್ತು ಕಾರ್ಖಾನೆ ಕೆಲಸದವರು ಸೇರಿ ಗುರಿ ಹೊಡೆಯೋ ಪಂದ್ಯ ನಡೀತಿತ್ತು. ಕಬ್ಬಿಣದ ಫಲಕದ ನಡುವೆ ಒಂದು ಸಣ್ಣ ತೂತು, ಹಿಂದೆ ಗಂಟೆ. ಗುಂಡು ತೂತಲ್ಲಿ ತೂರಿದ್ರೆ ಗಂಟೆ ಬಾರಿಸುತ್ತೆ. ಒಂದು ಹೆಂಡದಂಗಡಿಯ ತಂಡಕ್ಕೂ ಇನ್ನೊಂದರ ತಂಡಕ್ಕೂ ಜಿದ್ದು, ನಮ್ಮಲ್ಲಿ ಊರೂರ ನಡುವೆ ಕಬಡ್ಡಿ ನಡೀತಿತ್ತಲ್ಲ, ಅಂಥದ್ದೇ.

ಬಿಎಸ್‌ಎ ಕೂಡಿಡೋರು ಮೊದಲು ನೋಡೋದು ನಂಬರ್. ಎರಡು ಮಹಾಯುದ್ಧಗಳ ನಡುವೆ ಬಂದ ರೈಫಲ್ಲುಗಳಲ್ಲಿ ನಂಬರಿನ ಹಿಂದೆ ಇಂಗ್ಲಿಷ್ ಅಕ್ಷರ ಇರುತ್ತೆ. ಎಲ್ ಇದ್ರೆ ಹಗುರ ಮಾದರಿ, ಎಸ್ ಇದ್ರೆ ಸ್ಟ್ಯಾಂಡರ್ಡ್, ಸಿಎಸ್ ಇದ್ರೆ ಕ್ಲಬ್ಬಿನ ಮಾದರಿ. ಮೈಮೇಲಿನ ನಂಬರೂ ಅಕ್ಷರವೂ ಉಜ್ಜಿ ಹೋಗಿದ್ರೆ ಅದು ಯಾವ ಕಾಲದ್ದು, ಯಾವ ಮಾದರಿ ಅಂತ ಹೇಳೋಕೆ ಆಧಾರವೇ ಹೋಯ್ತು. ನಂಬರ್ ಉಜ್ಜಿದ ಬಂದೂಕು ಅಂದ್ರೆ ಸರ್ವೆ ನಂಬರ್ ಇಲ್ಲದ ಪಹಣಿ ಇದ್ದ ಹಾಗೆ.

ಅದೇ ಬರ್ಮಿಂಗ್‌ಹ್ಯಾಮಿನ ವೆಬ್ಲಿ ಕಂಪನಿ 1930ರ ದಶಕದಲ್ಲಿ ಸರ್ವಿಸ್ ಏರ್ ರೈಫಲ್ ಮಾರ್ಕ್ 2 ಅಂತ ಒಂದು ತಂತು. ಅದರ ನಳಿಗೆ ಬಿಚ್ಚಿ ಬೇರೆ ಅಳತೆಯದು ಹಾಕಬಹುದಿತ್ತು. 0.177, 0.22, 0.25 ಇಂಚು, ಮೂರು ನಳಿಗೆ. ಕಾಲ ಕಳೆದ ಹಾಗೆ ಒಂದೊಂದು ನಳಿಗೆ ಒಂದೊಂದು ಕಡೆ ಹೋಯ್ತು. ಈಗ ಮೂರೂ ನಳಿಗೆ, ಜೊತೆಗೆ ಅದರದೇ ಪೆಟ್ಟಿಗೆ ಇರೋ ಸೆಟ್ ಸಿಕ್ಕರೆ ಅದರ ಬೆಲೆ ಬಿಡಿಬಿಡಿಯಾಗಿ ಕೊಂಡು ಕೂಡಿಸಿದ್ದಕ್ಕಿಂತ ಮೇಲೆ. ಜೋಡಿ ಎತ್ತಿಗೆ ಇರೋ ಬೆಲೆ ಎರಡು ಒಂಟಿ ಎತ್ತಿಗೆ ಇರುತ್ತಾ?

ಒಂದೇ ಹೆಸರು, ಎರಡು ಕಾರ್ಖಾನೆ

ಜರ್ಮನಿಯ ಡಯಾನಾ ಕಥೆ ಇನ್ನೂ ವಿಚಿತ್ರ. 1890ರಲ್ಲಿ ಯಾಕೊಬ್ ಮೇಯರ್ ಮತ್ತು ಯೋಸೆಫ್ ಗ್ರಾಮೆಲ್ಸ್‌ಪಾಖರ್ ಅನ್ನೋ ಇಬ್ಬರು ಸೇರಿ ಕಟ್ಟಿದ ಕಂಪನಿ, ರಾಸ್ಟಾಟ್ ಅನ್ನೋ ಊರಲ್ಲಿ ಬೆಳೀತು. ಡಯಾನಾ ಅಂದ್ರೆ ರೋಮನ್ನರ ಬೇಟೆ ದೇವತೆ. ಕಂಪನಿ ಮುದ್ರೆಯಲ್ಲಿ ಆ ದೇವತೆ ಬಿಲ್ಲನ್ನ ಕೆಳಗೆ ಬಿಸಾಕಿ ಏರ್‌ಗನ್ನನ್ನ ತಲೆ ಮೇಲೆ ಎತ್ತಿ ಹಿಡಿದಿದಾಳೆ. ಎರಡನೇ ಮಹಾಯುದ್ಧದಲ್ಲಿ ಜರ್ಮನಿ ಸೋತ ಮೇಲೆ ಆ ಕಾರ್ಖಾನೆಯ ಯಂತ್ರಗಳನ್ನ ಗೆದ್ದವರು ತಗೊಂಡ್ರು. ಅವು ಸ್ಕಾಟ್ಲೆಂಡಿನ ಮಿಲ್ಬ್ರೋ ಕಂಪನಿಗೆ ಹೋದವು. ಯಂತ್ರದ ಜೊತೆ ಡಯಾನಾ ಅನ್ನೋ ಹೆಸರೂ ಹೋಯ್ತು. 1950ರ ಹೊತ್ತಿಗೆ ಜರ್ಮನಿಯವರು ಮತ್ತೆ ಬಂದೂಕು ಮಾಡೋಕೆ ಶುರು ಮಾಡಿದಾಗ ಬ್ರಿಟನ್ನಿನಲ್ಲಿ ತಮ್ಮದೇ ಹೆಸರು ತಾವು ಹಾಕೋ ಹಾಗಿಲ್ಲ. ಅಲ್ಲಿ "ಒರಿಜಿನಲ್" ಅನ್ನೋ ಹೆಸರಲ್ಲಿ ಮಾರಿದ್ರು. ಹೀಗಾಗಿ ಬ್ರಿಟನ್ನಿನಲ್ಲಿ ಹಲವು ವರ್ಷ ಡಯಾನಾ ಅಂತ ಬರೆದಿದ್ದು ಸ್ಕಾಟ್ಲೆಂಡಿನದು, ನಿಜವಾದ ಜರ್ಮನ್ ಡಯಾನಾದ ಮೇಲೆ ಬೇರೆ ಹೆಸರು. ಬರೀ ಹೆಸರು ನೋಡಿ ದುಡ್ಡು ಕೊಟ್ಟವನು ಟೋಪಿ ಹಾಕಿಸಿಕೊಂಡ. ಎಲ್ಲಿ ಮಾಡಿದ್ದು ಅನ್ನೋ ಮುದ್ರೆ ಓದಿದವನು ಬಚಾವಾದ.

ಬೆಲೆ ನಿಂತಿರೋದು ಯಾವುದರ ಮೇಲೆ

ಈ ಎಲ್ಲ ಕಥೆಯಿಂದ ತಿಳಿಯೋದನ್ನ ಸರಳವಾಗಿ ಹೇಳ್ತೀನಿ.

ಒಂದು, ವಯಸ್ಸಿಗೆ ಬೆಲೆ ಇಲ್ಲ, ವಿರಳತೆಗೆ ಬೆಲೆ. ನೂರು ವರ್ಷದ್ದಾದ್ರೂ ಲಕ್ಷಗಟ್ಟಲೆ ಉಳಿದಿದ್ರೆ ಬೆಲೆ ಬರಲ್ಲ.

ಎರಡು, ಮೂಲ ಸ್ಥಿತಿ. ಇದನ್ನ ನಮ್ಮ ಜನಕ್ಕೆ ಹೇಳಿ ಹೇಳಿ ಸಾಕಾಗಿದೆ. ಮಾರೋ ಮೊದಲು ಚೆನ್ನಾಗಿ ಕಾಣಲಿ ಅಂತ ಮರಕ್ಕೆ ಪಾಲಿಶ್ ಕಾಗದ ಹಾಕಿ ತಿಕ್ಕಿ ವಾರ್ನಿಶ್ ಹೊಡೀತಾರೆ, ಲೋಹಕ್ಕೆ ಕಪ್ಪು ಬಣ್ಣ ಬಳೀತಾರೆ. ಉಕ್ಕಿನ ಮೇಲಿನ ಆ ನೀಲಿಗಪ್ಪು ಮೆರುಗು ಬಣ್ಣ ಅಲ್ಲ, ಕಾರ್ಖಾನೆಯಲ್ಲಿ ಉಕ್ಕಿನ ಮೈಗೇ ಬರಿಸಿದ್ದು. ಒಂದು ಸಲ ತಿಕ್ಕಿ ತೆಗೆದ್ರೆ ಮತ್ತೆ ಅದೇ ಬರಲ್ಲ. ತಿಕ್ಕುವಾಗ ಅಕ್ಷರ, ನಂಬರಿನ ಅಂಚೂ ಸವೆಯುತ್ತೆ. ತಿಳಿದವನು ಸವೆದ ಮೆರುಗಿಗೆ ದುಡ್ಡು ಕೊಡ್ತಾನೆ, ಹೊಸ ಬಣ್ಣಕ್ಕೆ ಕೊಡಲ್ಲ. ತುಕ್ಕು ಹತ್ತಿದ್ರೆ ಮೆತ್ತನೆ ಬಟ್ಟೆಯಲ್ಲಿ ಒಂದೆರಡು ಹನಿ ಎಣ್ಣೆ ಸವರಿ ಇಡಿ, ಅಷ್ಟೇ ಸಾಕು.

ಮೂರು, ಬಿಡಿಭಾಗ ಪೂರ್ತಿ ಇರಬೇಕು. ಗುರಿ ನೋಡೋ ಕಣ್ಣು, ಅದರದೇ ಸ್ಕ್ರೂ, ಇದ್ರೆ ಪೆಟ್ಟಿಗೆ, ಕಂಪನಿ ಕೊಟ್ಟ ಕಾಗದ. ಒಳಗಿನ ಸ್ಪ್ರಿಂಗ್, ವಾಷರ್ ಬದಲಾಗಿದ್ರೆ ಯಾರೂ ಬೇಜಾರು ಮಾಡ್ಕೊಳ್ಳಲ್ಲ, ಅವು ಸವೆಯೋಕೇ ಇರೋವು. ಹೊರಗೆ ಕಾಣೋದು ಬದಲಾಗಿದ್ರೆ ಬೆಲೆ ಇಳಿಯುತ್ತೆ.

ನಾಲ್ಕು, ಕೆಲಸ ಮಾಡೋ ಸ್ಥಿತಿ. ಏರ್‌ಗನ್ನಿನ ಒಳಗೆ ಇರೋದು ನಮಗೆ ಗೊತ್ತಿರೋದೇ. ಔಷಧಿ ಹೊಡೆಯೋ ಹಳೇ ಪಂಪಿನಲ್ಲಿ ಪಿಸ್ಟನ್ ತುದಿಗೆ ಚರ್ಮದ ವಾಷರ್ ಇರ್ತಿತ್ತಲ್ಲ, ಇಲ್ಲೂ ಹಾಗೇ. ಲಿವರ್ ಎಳೆದಾಗ ಸ್ಪ್ರಿಂಗ್ ಮಡಚಿಕೊಳ್ಳುತ್ತೆ, ಕುದುರೆ ಎಳೆದಾಗ ಪಿಸ್ಟನ್ ಮುಂದಕ್ಕೆ ನುಗ್ಗಿ ಗಾಳಿ ಒತ್ತುತ್ತೆ, ಆ ಗಾಳಿ ಗುಂಡನ್ನ ತಳ್ಳುತ್ತೆ. ವಾಷರ್ ಒಣಗಿದ್ರೆ ಗಾಳಿ ಸೋರಿ ಗುಂಡು ಮುಂದೆ ಹೋಗಲ್ಲ. ಪಂಪಿನ ವಾಷರಿಗೆ ಎಣ್ಣೆ ಕುಡಿಸೋ ಹಾಗೆ ಇದಕ್ಕೂ ಕುಡಿಸಬೇಕು. ಗುಂಡಿಲ್ಲದೆ ಬರೀ ಖಾಲಿ ಹೊಡೆದ್ರೆ ಪಿಸ್ಟನ್ನಿಗೆ ಎದುರು ಗಾಳಿಯ ಮೆತ್ತೆ ಸಿಗದೆ ಕೊನೆಗೆ ಬಡಿದು ಒಳಗೇ ಏಟು ತಿನ್ನುತ್ತೆ. ಮಕ್ಕಳು ಸುಮ್ಮನೆ ಟಪ್ ಟಪ್ ಅನ್ನಿಸ್ತಾ ಕೂತಿದ್ರೆ ತಡೀರಿ.

ಐದು, ಕೇಳೋರು ಇರಬೇಕು. 1940ರಲ್ಲಿ ರೆಡ್ ರೈಡರ್ ಹಿಡಿದು ಓಡಾಡಿದ ಹುಡುಗರಿಗೆ ಈಗ ತೊಂಬತ್ತು ದಾಟಿದೆ. ಯಾವ ಸಾಮಾನಿನ ಬೆಲೆ ನೆನಪಿನ ಮೇಲೆ ನಿಂತಿರುತ್ತೋ, ಆ ನೆನಪಿನವರು ಹೋದ ಮೇಲೆ ಅದು ಇಳಿಯಬಹುದು. ಹಾಗಾಗಿ ಬೆಲೆ ಏರ್ತಾನೇ ಇರುತ್ತೆ ಅಂತ ಯಾರಾದ್ರೂ ಅಂದ್ರೆ ನಂಬಬೇಡಿ. ಇದು ಭೂಮಿ ಅಲ್ಲ.

ನಮ್ಮ ಕಡೆ ಮಾರೋ ಮುಂಚೆ

ಈಗ ನಮ್ಮ ವಿಷಯ. ಏರ್‌ಗನ್ ಆಟಿಕೆ, ಇದಕ್ಕೆಂಥಾ ಕಾನೂನು ಅಂತ ಎಷ್ಟೋ ಜನ ಅಂದ್ಕೊಂಡಿದಾರೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಗೆ ಅಳತೆ 0.177 ಇಂಚು, ಅಂದ್ರೆ 4.5 ಮಿಲಿಮೀಟರ್ ಒಳಗೆ, ಶಕ್ತಿ 20 ಜೂಲ್ ಒಳಗೆ ಇದ್ರೆ ಲೈಸೆನ್ಸ್ ಬೇಡ. ಅದಕ್ಕಿಂತ ದಪ್ಪ ನಳಿಗೆ ಅಥವಾ ಜಾಸ್ತಿ ಶಕ್ತಿ ಇದ್ರೆ ಲೈಸೆನ್ಸ್ ಬೇಕು. ಅಟ್ಟದ ಮೇಲಿರೋ ಹಳೇ ವಿದೇಶಿ ರೈಫಲ್ಲುಗಳಲ್ಲಿ 0.22 ಅಳತೆಯವು ಇರ್ತಾವೆ, ಅವು ಈ ಮಿತಿಯ ಹೊರಗೆ. ಯಾವನೋ ಗುರುತಿಲ್ಲದವನ ಚೀಲಕ್ಕೆ ಅಂಥದ್ದನ್ನ ಹಾಕಿ ಕಳಿಸಿದ್ರೆ, ನಾಳೆ ಅದು ಎಲ್ಲೋ ಸಿಕ್ಕಿಬಿದ್ದಾಗ ಕೇಳೋದು ನಿಮ್ಮನ್ನ. ಮೊದಲು ನಳಿಗೆ ಅಳತೆ ತಿಳ್ಕೊಳ್ಳಿ. ಅನುಮಾನ ಇದ್ರೆ ಠಾಣೆಯಲ್ಲೋ ಲೈಸೆನ್ಸ್ ಇರೋ ಬಂದೂಕು ಅಂಗಡಿಯಲ್ಲೋ ವಿಚಾರಿಸಿ. ಮಾರಿದ್ರೆ ಕೊಂಡವನ ಹೆಸರು, ಗುರುತಿನ ಚೀಟಿ ನಕಲು, ತಾರೀಖು, ಬಂದೂಕಿನ ನಂಬರ್ ಬರೆದು ಸಹಿ ಹಾಕಿಸಿ ಇಟ್ಕೊಳ್ಳಿ. ಎಮ್ಮೆ ಮಾರುವಾಗಲೂ ನಾಲ್ಕು ಜನರ ಮುಂದೆ ಮಾತಾಡ್ತೀವಿ, ಇದಕ್ಕೆ ಬೇಡ್ವಾ?

ಕಾನೂನು ಬದಲಾದ್ರೆ ಬೆಲೆಯೂ ಬದಲಾಗುತ್ತೆ. ಸ್ಕಾಟ್ಲೆಂಡಿನಲ್ಲಿ 2016ರ ಕೊನೆಯಿಂದ ಏರ್‌ಗನ್ ಇಟ್ಟುಕೊಳ್ಳೋಕೆ ಪ್ರಮಾಣಪತ್ರ ಬೇಕು ಅಂತ ಮಾಡಿದ್ರು. ಅದಕ್ಕೆ ಮುಂಚೆ ಜನ ಸಾವಿರಾರು ಏರ್‌ಗನ್ನುಗಳನ್ನ ಪೊಲೀಸರಿಗೆ ಒಪ್ಪಿಸಿದ್ರು. ಅದರಲ್ಲಿ ಬೆಲೆ ಬಾಳೋ ಹಳೇದು ಎಷ್ಟಿತ್ತೋ, ಒಪ್ಪಿಸಿದವರಿಗೇ ಗೊತ್ತಿದ್ದಿರಲಿಕ್ಕಿಲ್ಲ.

ಇನ್ನೊಂದು ಮಾತು ಹೇಳದೆ ಮುಗಿಸಿದ್ರೆ ಬರಹ ಅರ್ಧ ಆಗುತ್ತೆ. ಮಂಗ, ನವಿಲು, ಗಿಳಿ ಕಾಟಕ್ಕೆ ಏರ್‌ಗನ್ ತರಿಸೋಣ ಅಂತ ಮಾತಾಡೋರು ಇದಾರೆ. ಬೆಳೆ ಹೋದ ಸಂಕಟ ನನಗೂ ಗೊತ್ತು, ಜೋಳದ ತೆನೆ ಖಾಲಿಯಾದಾಗ ಹೊಟ್ಟೆ ಉರಿಯುತ್ತೆ. ಆದ್ರೆ ಏರ್‌ಗನ್ನಿಗೆ ಲೈಸೆನ್ಸ್ ಬೇಡ ಅಂದ ಮಾತ್ರಕ್ಕೆ ಅದರಲ್ಲಿ ಪ್ರಾಣಿ ಪಕ್ಷಿ ಹೊಡೆಯೋಕೆ ಅನುಮತಿ ಇದೆ ಅಂತ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಯಾವುದರಲ್ಲಿ ಹೊಡೆದ್ರಿ ಅನ್ನೋದು ಮುಖ್ಯ ಅಲ್ಲ. ನವಿಲು ಆ ಕಾಯ್ದೆಯ ಮೊದಲ ಪಟ್ಟಿಯಲ್ಲೇ ಇದೆ, ಜೈಲು ಖಚಿತ ಅನ್ನೋ ಹಾಗೇ ಲೆಕ್ಕ ಇಟ್ಕೊಳ್ಳಿ. ಗಾಯ ಮಾಡಿದ್ರೂ ಅದು ಬೇಟೆಯೇ. ಕಣ್ಣಿಗೆ ಬಿದ್ರೆ ಮನುಷ್ಯರ ಕಣ್ಣೂ ಹೋಗುತ್ತೆ, ಮಕ್ಕಳ ಕೈಗೆ ಸಿಗೋ ಕಡೆ ಇಡಬೇಡಿ.

ಅರುಣಾಚಲ ಪ್ರದೇಶದಲ್ಲಿ 2021ರಲ್ಲಿ ಒಂದು ಅಭಿಯಾನ ಶುರುವಾಯ್ತು. ಬೇಟೆ ಅಲ್ಲಿನ ಜನಕ್ಕೆ ತಲೆತಲಾಂತರದ ರೂಢಿ, ಮನೆಮನೆಯಲ್ಲೂ ಏರ್‌ಗನ್. ಕಾಡಿನ ಹಕ್ಕಿಗಳು ಕಮ್ಮಿಯಾಗ್ತಾ ಬಂದಾಗ, ಏರ್‌ಗನ್ ಒಪ್ಪಿಸಿ ಅಂತ ಸರ್ಕಾರ ಕೇಳಿತು. ಜನ ಸಾವಿರಕ್ಕೂ ಹೆಚ್ಚು ಏರ್‌ಗನ್ನುಗಳನ್ನ ತಾವಾಗಿಯೇ ತಂದು ಕೊಟ್ರು. ಮಾರಿದ್ರೆ ದುಡ್ಡು ಬರ್ತಿತ್ತು, ಆದ್ರೂ ಕೊಟ್ರು. ಇದನ್ನೂ ಬೆಲೆಯ ಲೆಕ್ಕದಲ್ಲೇ ಬರೀಬೇಕು ಅಂತ ನನಗನ್ಸುತ್ತೆ.

ಡೈಸಿ ಕಂಪನಿ 1958ರಲ್ಲಿ ಪ್ಲಿಮತ್ ಬಿಟ್ಟು ಅರ್ಕನ್ಸಾ ರಾಜ್ಯದ ರಾಜರ್ಸ್ ಅನ್ನೋ ಊರಿಗೆ ಹೋಯ್ತು. ಅಲ್ಲಿ ಈಗ ಹಳೇ ಏರ್‌ಗನ್ನುಗಳ ಒಂದು ಮ್ಯೂಸಿಯಂ ಇದೆ. ಬಿಎಸ್‌ಎಯ ಬಂದೂಕು ವಿಭಾಗ 1986ರಲ್ಲಿ ಸ್ಪೇನಿನ ಗಾಮೋ ಕಂಪನಿ ಪಾಲಾಯ್ತು, 2016ರಲ್ಲಿ ಡೈಸಿಯೂ ಅದೇ ಗಾಮೋ ಕೈಗೆ ಹೋಯ್ತು. ಅಮೆರಿಕದ ಗಾಳಿಯಂತ್ರದವರು, ಇಂಗ್ಲೆಂಡಿನ ಸೈಕಲ್ಲಿನವರು, ಈಗ ಒಂದೇ ಮನೆ. ಕಂಪನಿ ಕೈಯಿಂದ ಕೈಗೆ ಹೋದ್ರೂ ಹಳೇ ಸಾಮಾನಿನ ಮೇಲಿನ ಮುದ್ರೆ ಮಾತ್ರ ಹಾಗೇ ಇರುತ್ತೆ.

ಕೊನೆಗೆ, ಇದು ಬಂದೂಕಿಗೆ ಮಾತ್ರ ಅಲ್ಲ. ಸರ್ಕಾರಿ ಮುದ್ರೆ ಇರೋ ಹಿತ್ತಾಳೆ ಸೇರು, ಪಾವು, ಅಜ್ಜನ ಕಾಲದ ಕೂರಿಗೆ ಬಟ್ಟಲು, ಎತ್ತಿನ ಕೊರಳ ಗೆಜ್ಜೆ ಪಟ್ಟಿ, ಕಪಿಲೆಯ ಗಾಲಿ ನಮ್ಮ ಮನೆಗಳಲ್ಲಿ ಇನ್ನೂ ಇವೆ. ಕೊಳ್ಳೋಕೆ ಬರೋರು ತೂಕದ ಲೆಕ್ಕದಲ್ಲಿ ಕೇಳ್ತಾರೆ, ರೆಸಾರ್ಟಿನವರಿಗೆ ಬೇರೆ ಲೆಕ್ಕದಲ್ಲಿ ಕೊಡ್ತಾರೆ. ಹುಣಸೆಹಣ್ಣು ಹಾಕಿ ತಿಕ್ಕಿ ಹೊಳಪು ಮಾಡಬೇಡಿ, ಮುದ್ರೆ ಸವೆಯುತ್ತೆ. ಮೊದಲು ಫೋಟೋ ತೆಗೀರಿ, ಮುದ್ರೆ ಇದ್ರೆ ಓದಿ, ಯಾರ ಕಾಲದ್ದು ಅಂತ ಮನೆ ಹಿರಿಯರನ್ನ ಕೇಳಿ ಒಂದು ಚೀಟಿಯಲ್ಲಿ ಬರೆದಿಡಿ. ಆಮೇಲೆ ಮಾರೋದೋ ಇಟ್ಕೊಳ್ಳೋದೋ ನಿಮ್ಮಿಷ್ಟ. ನಿಮ್ಮ ಅಟ್ಟದಲ್ಲಿ ಮುದ್ರೆ ಇರೋ ಸಾಮಾನು ಏನಾದ್ರೂ ಇದ್ರೆ ಕೆಳಗೆ ಬರೀರಿ, ಎಲ್ಲರೂ ಸೇರಿ ಓದೋಣ.